ಗೋಡೆ ನೋಡೋಕೆ ಬಂದವರು: ಬೂಷ್ಟು ತಪಾಸಣೆಯ ಕಥೆ

ಭಾಗ 1/8: ಆ ಕಪ್ಪು ಮಚ್ಚೆ

ಫೋಟೋದಲ್ಲಿರೋದು ನಮ್ಮಜ್ಜಿ ಮನೆಯ ಉತ್ತರದ ಕೋಣೆ. ಮಲೆನಾಡು, ಹೋದ ವರ್ಷದ ಆಗಸ್ಟ್. ಗೋಡೆ ಮೇಲೆ ಕಪ್ಪಗೆ ಹರಡಿರೋದು ನೆರಳಲ್ಲ, ಬೂಷ್ಟು. ಅದರ ಹಿಂದಿನ ವರ್ಷವೇ ಪೇಂಟ್ ಹೊಡೆಸಿದ್ವಿ. ಮುಂದಿನ ಮಳೆಗಾಲಕ್ಕೆ ಪೇಂಟ್ ಸೀಳಿಕೊಂಡು ಮತ್ತೆ ಹೊರಗೆ ಬಂತು.

ಚಿಕ್ಕಪ್ಪನ ಮಗಳಿಗೆ ಏಳು ವರ್ಷ. ರಜೆಗೆ ಬಂದವಳು ಒಂದು ವಾರ ಆ ಕೋಣೆಯಲ್ಲಿ ಮಲಗಿದ್ದಳು. ಐದನೇ ರಾತ್ರಿ ಉಬ್ಬಸ ಶುರುವಾಯ್ತು. ಡಾಕ್ಟರ್ ಔಷಧಿ ಬರೆಯೋದಕ್ಕೂ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಮಗು ಎಲ್ಲಿ ಮಲಗುತ್ತೆ?"

ಮನೆಯಲ್ಲಿ ಜಗಳ. ಚಿಕ್ಕಪ್ಪ "ಹಳೇ ಮನೆ ಕೆಡವಿ ಹೊಸದು ಕಟ್ಟೋಣ" ಅಂದ್ರು. ಅಜ್ಜಿ ಮಾತಾಡಲಿಲ್ಲ. ಅಪ್ಪ ಪೇಟೆಯಿಂದ ತೇವ ತಪಾಸಣೆ ಮಾಡೋರೊಬ್ಬರನ್ನ ಕರೆಸಿದರು. ಕೈಯಲ್ಲೊಂದು ಮೀಟರ್, ಟಾರ್ಚ್, ಚಿಕ್ಕ ಉಳಿ. ಗೋಡೆ ನೋಡೋದೂ ಒಂದು ಕೆಲಸವಾ? ಯಾವಾಗಿಂದ? ಹುಡುಕ್ತಾ ಹೋದೆ. ಸಿಕ್ಕಿದ್ದನ್ನ ಎಂಟು ಪೋಸ್ಟಲ್ಲಿ ಹೇಳ್ತೀನಿ. ಕೊನೆಯಲ್ಲಿ ಅಜ್ಜಿ ಮನೆಗೇ ವಾಪಸ್ ಬರೋಣ.

ಭಾಗ 2/8: ಪೂಜಾರಿಯೇ ಇನ್‌ಸ್ಪೆಕ್ಟರ್

ಮನೆಯ ಗೋಡೆ ತಪಾಸಣೆಗೆ ನಮಗೆ ಸಿಗೋ ತುಂಬಾ ಹಳೆಯ ಲಿಖಿತ ನಿಯಮಗಳಲ್ಲಿ ಒಂದು ಹೀಬ್ರೂ ಧರ್ಮಗ್ರಂಥದಲ್ಲಿದೆ. ಬೈಬಲ್‌ನ ಯಾಜಕಕಾಂಡ, 14ನೇ ಅಧ್ಯಾಯ. ಗೋಡೆಯಲ್ಲಿ ಹಸಿರು ಇಲ್ಲವೇ ಕೆಂಪು ಬಣ್ಣದ ಕಲೆ ಒಳಗಿಳಿದ ಹಾಗೆ ಕಂಡರೆ ಮನೆ ಯಜಮಾನ ಯಾಜಕನಿಗೆ ಹೋಗಿ ತಿಳಿಸಬೇಕು. ಗ್ರಂಥ ಅದನ್ನ ಬೂಷ್ಟು ಅಂತ ಹೆಸರಿಸಲ್ಲ, ಚರ್ಮರೋಗಕ್ಕೆ ಬಳಸೋ ಪದವನ್ನೇ ಗೋಡೆಗೂ ಬಳಸುತ್ತೆ. ಆದರೆ ವರ್ಣನೆ ಓದಿದ ಹಲವರು ಇದು ಬೂಷ್ಟು ಅಂತಲೇ ಊಹಿಸ್ತಾರೆ.

ಇಲ್ಲಿ ಗಮನಿಸಬೇಕಾದ್ದು ಕ್ರಮ. ಯಾಜಕ ಬರೋದಕ್ಕೆ ಮೊದಲು ಸಾಮಾನೆಲ್ಲ ಹೊರಗಿಡಬೇಕು. ಅವನು ನೋಡಿ, ಏಳು ದಿನ ಮನೆ ಮುಚ್ಚಿಸ್ತಾನೆ. ಏಳನೇ ದಿನ ಮತ್ತೆ ಬರ್ತಾನೆ. ಕಲೆ ಹರಡಿದ್ದರೆ ಆ ಕಲ್ಲುಗಳನ್ನಷ್ಟೇ ಕಿತ್ತು ಊರಾಚೆ ಹಾಕಬೇಕು, ಒಳಗಿನ ಗಾರೆ ಕೆರೆಯಬೇಕು, ಬೇರೆ ಕಲ್ಲು ಕೂರಿಸಿ ಹೊಸ ಗಾರೆ ಮೆತ್ತಬೇಕು. ಅಷ್ಟಾದ ಮೇಲೂ ಮರಳಿ ಬಂದರೆ ಮಾತ್ರ ಮನೆ ಕೆಡವೋದು. ಬರದಿದ್ದರೆ ಮನೆ ಶುದ್ಧ.

ನೋಡು, ಕಾಯಿ, ಮತ್ತೆ ನೋಡು, ಕೆಟ್ಟ ಭಾಗ ತೆಗಿ, ಮತ್ತೆ ನೋಡು. ಕೆಡವೋದು ಕೊನೆಯ ಹೆಜ್ಜೆ. ಇದನ್ನ ಸ್ಕ್ರೀನ್‌ಶಾಟ್ ತೆಗೆದು ಚಿಕ್ಕಪ್ಪನಿಗೆ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಭಾಗ 3/8: ರೋಮ್‌ನಿಂದ ಲಿವರ್‌ಪೂಲ್‌ಗೆ

ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ರೋಮ್‌ನ ವಾಸ್ತುಶಿಲ್ಪಿ ವಿಟ್ರುವಿಯಸ್ ಒದ್ದೆ ಗೋಡೆ ಬಗ್ಗೆಯೇ ಬರೆದಿಟ್ಟಿದ್ದಾನೆ. ನೆಲದಿಂದ ಸುಮಾರು ಮೂರು ಅಡಿವರೆಗೆ ಸುಟ್ಟ ಮಣ್ಣಿನ ಪುಡಿ ಬೆರೆಸಿದ ಗಾರೆ ಹಾಕು. ಅದಕ್ಕೂ ಬಗ್ಗದಷ್ಟು ತೇವ ಇದ್ದರೆ ಒಳಗೆ ಇನ್ನೊಂದು ತೆಳು ಗೋಡೆ ಕಟ್ಟು, ನಡುವೆ ಸಂದು ಬಿಟ್ಟು ಗಾಳಿಗೂ ನೀರಿಗೂ ದಾರಿ ಮಾಡು. ಅಂದರೆ ನೀರು ನೆಲದಿಂದ ಮೇಲಕ್ಕೂ ಹತ್ತುತ್ತೆ ಅನ್ನೋದು ಆಗಲೇ ಗೊತ್ತಿತ್ತು.

ಸರ್ಕಾರದ ಸಂಬಳ ಪಡೆದು ಬಾಗಿಲು ತಟ್ಟೋ ಇನ್‌ಸ್ಪೆಕ್ಟರ್‌ಗಳನ್ನ ನೋಡಬೇಕಾದರೆ 19ನೇ ಶತಮಾನದ ಇಂಗ್ಲೆಂಡಿಗೆ ಬರಬೇಕು. ಲಿವರ್‌ಪೂಲ್ ಬಂದರು. ಕೆಲಸ ಹುಡುಕಿ ಬಂದ ಸಾವಿರಾರು ಬಡವರು ನೆಲಮಾಳಿಗೆಗಳಲ್ಲಿ ಇದ್ದರು. ಗೋಡೆಯಲ್ಲಿ ನೀರು, ನೆಲದಲ್ಲಿ ನೀರು. 1847ರಲ್ಲಿ ಡಾ. ವಿಲಿಯಂ ಹೆನ್ರಿ ಡಂಕನ್ ಅಲ್ಲಿನ ಆರೋಗ್ಯಾಧಿಕಾರಿಯಾದರು. ಬ್ರಿಟನ್‌ನಲ್ಲಿ ಒಂದು ನಗರಕ್ಕೆ ಇಂಥ ಅಧಿಕಾರಿ ನೇಮಕವಾದದ್ದು ಅದೇ ಮೊದಲು. ಅವರ ಜೊತೆ ಮನೆ ಮನೆ ನೋಡೋ ಇನ್‌ಸ್ಪೆಕ್ಟರ್ ಕೂಡ ಇದ್ದರು.

ಕೆಟ್ಟ ಗಾಳಿಯೇ ರೋಗ ತರುತ್ತೆ ಅಂತ ಆಗ ನಂಬಿಕೆ. ಆ ಸಿದ್ಧಾಂತ ತಪ್ಪು. ಆದರೆ "ಗಾಳಿ ಬರಲಿ, ಗೋಡೆ ಒಣಗಲಿ" ಅನ್ನೋ ಸಲಹೆ ಸರಿಯಾಗಿತ್ತು. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆ ಬಂದ ನಂತರ ಸ್ಥಳೀಯ ನಿಯಮಗಳ ಮೂಲಕ ಹೊಸ ಮನೆಗಳ ಗೋಡೆಯಲ್ಲಿ ತೇವ ತಡೆಯೋ ಒಂದು ಪದರ ಕಡ್ಡಾಯವಾಗ್ತಾ ಬಂತು. ನೆಲಕ್ಕಿಂತ ಸ್ವಲ್ಪ ಮೇಲೆ ಸ್ಲೇಟ್ ಕಲ್ಲೋ ಡಾಂಬರಿನಂಥದ್ದೋ ಹಾಸಿ, ಆಮೇಲೆ ಗೋಡೆ ಎಬ್ಬಿಸೋದು. ಇವತ್ತಿಗೂ ಅಡಿಪಾಯದ ಮೇಲೆ ನಮ್ಮ ಮೇಸ್ತ್ರಿಗಳು "ಡಿಪಿಸಿ ಹಾಕೋಣ" ಅಂತಾರಲ್ಲ, ಅದೇ ಇದು.

ಭಾಗ 4/8: ಹಸಿರು ವಾಲ್‌ಪೇಪರ್ ಮತ್ತು ಬೆಳ್ಳುಳ್ಳಿ ವಾಸನೆ

ಈ ಭಾಗ ಓದದೆ ಸ್ಕ್ರಾಲ್ ಮಾಡಿದ್ರೆ ನಿಮಗೇ ನಷ್ಟ.

1837ರಲ್ಲಿ ಕಾರ್ಡಾ ಅನ್ನೋ ವಿಜ್ಞಾನಿ ಪ್ರಾಗ್ ನಗರದ ಒಂದು ಮನೆಯ ವಾಲ್‌ಪೇಪರ್ ಮೇಲೆ ಬೆಳೆದಿದ್ದ ಕಪ್ಪು ಶಿಲೀಂಧ್ರವನ್ನ ವರ್ಣಿಸಿದ. ಇವತ್ತು "ವಿಷದ ಕಪ್ಪು ಬೂಷ್ಟು" ಅಂತ ರೀಲ್ಸ್‌ನಲ್ಲಿ ಹೆದರಿಸ್ತಾರಲ್ಲ, ಸ್ಟ್ಯಾಕಿಬಾಟ್ರಿಸ್, ಅದೇ ಇದು.

ಆ ಶತಮಾನದಲ್ಲಿ ಯೂರೋಪಿಗೆ ಹಸಿರು ವಾಲ್‌ಪೇಪರ್ ಹುಚ್ಚು. ಆ ಹಸಿರಿನಲ್ಲಿ ಇದ್ದದ್ದು ಆರ್ಸೆನಿಕ್. ಒದ್ದೆ ಕೋಣೆಗಳಲ್ಲಿ ಬೆಳ್ಳುಳ್ಳಿಯಂಥ ವಾಸನೆ ಬರ್ತಿತ್ತು, ಜನ ಕಾಯಿಲೆ ಬೀಳ್ತಿದ್ದರು. 1839ರಲ್ಲೇ ಜರ್ಮನಿಯ ರಸಾಯನಶಾಸ್ತ್ರಜ್ಞ ಗ್ಮೆಲಿನ್ ಎಚ್ಚರಿಕೆ ಕೊಟ್ಟ. 1890ರ ದಶಕದಲ್ಲಿ ಇಟಲಿಯ ವೈದ್ಯ ಗೋಸಿಯೋ, ಬೇಯಿಸಿದ ಆಲೂಗಡ್ಡೆಗೆ ಆರ್ಸೆನಿಕ್ ಬೆರೆಸಿ ಅದರ ಮೇಲೆ ಬೂಷ್ಟು ಬೆಳೆಸಿ ನೋಡಿದ. ಅದೇ ಬೆಳ್ಳುಳ್ಳಿ ವಾಸನೆ! ಬೂಷ್ಟೇ ಬಣ್ಣವನ್ನ ಅನಿಲವಾಗಿ ಮಾರ್ಪಡಿಸ್ತಿತ್ತು. ಆ ಅನಿಲ ಟ್ರೈಮೀಥೈಲ್ ಆರ್ಸೀನ್ ಅಂತ 1930ರ ದಶಕದಲ್ಲಿ ಇಂಗ್ಲೆಂಡಿನ ಚಾಲೆಂಜರ್ ತೋರಿಸಿಕೊಟ್ಟ.

ನೆಪೋಲಿಯನ್ ಸೆರೆಯಲ್ಲಿದ್ದ ಸೇಂಟ್ ಹೆಲೆನಾ ದ್ವೀಪದ ಮನೆ ಒದ್ದೆಗೆ ಕುಖ್ಯಾತ. ಅಲ್ಲಿನ ವಾಲ್‌ಪೇಪರ್ ತುಣುಕೊಂದರಲ್ಲಿ ಆರ್ಸೆನಿಕ್ ಇರೋದು 1982ರಲ್ಲಿ ಪ್ರಕಟವಾಯ್ತು. "ಬೂಷ್ಟೇ ನೆಪೋಲಿಯನ್‌ನ ಕೊಂದಿತು" ಅನ್ನೋ ಪೋಸ್ಟ್‌ಗಳು ಅಲ್ಲಿಂದ ಹುಟ್ಟಿದವು. ನಂಬಬೇಡಿ. ಅವನು 1821ರಲ್ಲಿ ಹೊಟ್ಟೆಯ ಕ್ಯಾನ್ಸರ್‌ನಿಂದ ಸತ್ತ ಅಂತಲೇ ಹೆಚ್ಚಿನವರ ಅಭಿಪ್ರಾಯ. ಆ ಅನಿಲ ಅಂದುಕೊಂಡಷ್ಟು ಮಾರಕವೇ ಅನ್ನೋದನ್ನೂ ಈಚಿನ ಸಂಶೋಧಕರು ಪ್ರಶ್ನಿಸಿದ್ದಾರೆ. ಬೂಷ್ಟಿನ ಇತಿಹಾಸದಲ್ಲಿ ಇದು ಪದೇ ಪದೇ ಆಗುತ್ತೆ: ನಿಜವಾದ ತೊಂದರೆ ಒಂದಿರುತ್ತೆ, ಅದರ ಸುತ್ತ ಹತ್ತು ಪಟ್ಟು ಭಯ ಬೆಳೆಯುತ್ತೆ.

ಭಾಗ 5/8: ಅಮೆರಿಕದ ಭಯ, ಅಮೆರಿಕದ ವ್ಯಾಪಾರ

1970ರ ದಶಕದ ಇಂಧನ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಮನೆಗಳನ್ನ ಗಾಳಿ ಆಡದಷ್ಟು ಬಿಗಿಯಾಗಿ ಕಟ್ಟೋಕೆ ಶುರು ಮಾಡಿದರು. ಒಳಗೋಡೆಗೆ ಕಾಗದ ಹೊದಿಸಿದ ಜಿಪ್ಸಮ್ ಹಲಗೆ. ಕಾಗದ ಬೂಷ್ಟಿಗೆ ಮೃಷ್ಟಾನ್ನ. ಒಂದು ಪೈಪ್ ಸೋರಿದರೆ ಸಾಕು.

1990ರ ದಶಕದಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಹಸುಗೂಸುಗಳಿಗೆ ಶ್ವಾಸಕೋಶದಲ್ಲಿ ರಕ್ತಸ್ರಾವವಾದಾಗ ಅನುಮಾನ ಕಪ್ಪು ಬೂಷ್ಟಿನ ಮೇಲೆ ಬಿತ್ತು. ದೇಶವೆಲ್ಲ ಸುದ್ದಿ. 2000ದಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮರುಪರಿಶೀಲಿಸಿ, ಆ ನಂಟು ಸಾಬೀತಾಗಿಲ್ಲ ಅಂತ ಹೇಳಿತು. 2001ರಲ್ಲಿ ಟೆಕ್ಸಾಸ್‌ನ ಒಂದು ಕುಟುಂಬಕ್ಕೆ ವಿಮಾ ಕಂಪನಿ ಸುಮಾರು 3.2 ಕೋಟಿ ಡಾಲರ್ ಕೊಡಬೇಕು ಅಂತ ಜ್ಯೂರಿ ತೀರ್ಪಿತ್ತಿತು. ಆಮೇಲೆ ಆ ಮೊತ್ತ ಬಹಳ ಇಳಿಯಿತು. ಆದರೆ ಅಷ್ಟರಲ್ಲಿ ಬೂಷ್ಟು ನೋಡೋದು ದೊಡ್ಡ ದಂಧೆಯಾಗಿತ್ತು.

ನೋಡೋಕೆ ಬಂದವನೇ "ಅಯ್ಯೋ ತುಂಬಾ ಅಪಾಯ" ಅಂದು, ಅವನೇ ಕ್ಲೀನಿಂಗ್‌ಗೂ ಬಿಲ್ ಹಾಕಿದರೆ? ಈ ಅನುಮಾನಕ್ಕೆ ಟೆಕ್ಸಾಸ್ 2003ರಲ್ಲಿ ಕಾನೂನು ಮಾಡಿತು. ತಪಾಸಣೆಗೆ ಲೈಸೆನ್ಸ್ ಬೇಕು, ಒಂದೇ ಕೆಲಸದಲ್ಲಿ ತಪಾಸಣೆ ಮಾಡಿದವರೇ ಶುಚಿ ಮಾಡುವಂತಿಲ್ಲ. ನನಗೆ ಈ ಇಡೀ ಇತಿಹಾಸದಲ್ಲಿ ತುಂಬಾ ಜಾಣ ನಿಯಮ ಅನ್ನಿಸಿದ್ದು ಇದು.

ಹಾಗಾದ್ರೆ ವಿಜ್ಞಾನ ಏನು ಹೇಳುತ್ತೆ? 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಒದ್ದೆ ಮನೆಗಳಲ್ಲಿ ಇರೋರಿಗೆ ಉಬ್ಬಸ, ಕೆಮ್ಮು, ಅಸ್ತಮಾ ಹೆಚ್ಚು. ಇಷ್ಟು ಬೂಷ್ಟು ಇದ್ದರೆ ಸುರಕ್ಷಿತ ಅನ್ನೋ ಸಂಖ್ಯೆ ಕೊಡೋಕೆ ಆಗಲ್ಲ. ಆದ್ದರಿಂದ ತೇವ ನಿಲ್ಲಿಸಿ.

ಭಾಗ 6/8: ಬಕೆಟ್ ಸ್ನಾನದ ಆರೋಪ

ಇದು ಬರೆಯೋಕೆ ಕಷ್ಟವಾದ ಭಾಗ.

ಡಿಸೆಂಬರ್ 2020. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣ. ಸುಡಾನ್‌ನಿಂದ ಬಂದ ಕುಟುಂಬದ ಅವಾಬ್ ಇಶಾಕ್ ಅನ್ನೋ ಎರಡು ವರ್ಷದ ಮಗು ತೀರಿಕೊಂಡಿತು. ಬಾಡಿಗೆ ಫ್ಲ್ಯಾಟಿನ ಗೋಡೆ ತುಂಬ ಬೂಷ್ಟು. ತಂದೆ 2017ರಲ್ಲೇ ದೂರು ಕೊಟ್ಟಿದ್ದರು. ಸಿಕ್ಕ ಉತ್ತರ: ಮೇಲೆ ಪೇಂಟ್ ಹೊಡೀರಿ. ದೀರ್ಘಕಾಲ ಬೂಷ್ಟಿನ ನಡುವೆ ಇದ್ದದ್ದರಿಂದ ಬಂದ ಉಸಿರಾಟದ ಕಾಯಿಲೆಯೇ ಸಾವಿಗೆ ಕಾರಣ ಅಂತ ನವೆಂಬರ್ 2022ರಲ್ಲಿ ಮರಣ ವಿಚಾರಣಾಧಿಕಾರಿ ತೀರ್ಮಾನಿಸಿದರು.

ವಿಚಾರಣೆಯಲ್ಲಿ ಹೊರಬಂದ ಒಂದು ವಿಷಯ ನನ್ನ ಎದೆಗೆ ಚುಚ್ಚಿತು. ಇವರ ಜೀವನಶೈಲಿಯೇ ತೇವಕ್ಕೆ ಕಾರಣ, ಬಕೆಟ್ಟಿನಿಂದ ನೀರು ಹೊಯ್ದುಕೊಂಡು ಸ್ನಾನ ಮಾಡ್ತಾರೆ ಅಂತ ಮನೆ ನೋಡಿಕೊಳ್ಳೋ ಸಂಸ್ಥೆಯವರು ಊಹಿಸಿಕೊಂಡಿದ್ದರು. ಬಕೆಟ್, ಚೊಂಬು! ನಮ್ಮಲ್ಲಿ ಎಷ್ಟು ಜನ ಇವತ್ತು ಬೆಳಿಗ್ಗೆ ಹಾಗೇ ಸ್ನಾನ ಮಾಡಿ ಕಾಲೇಜಿಗೆ ಬಂದಿಲ್ಲ?

ಅಂದರೆ ಅಲ್ಲಿ ಗೋಡೆ ನೋಡಬೇಕಾದವರು ಮನುಷ್ಯರನ್ನ ನೋಡಿ ತೀರ್ಪು ಕೊಟ್ಟರು. ಇದರ ಫಲವಾಗಿ 2023ರ ಕಾಯ್ದೆಯಲ್ಲಿ ಮಗುವಿನ ಹೆಸರಲ್ಲೇ ನಿಯಮ ಬಂತು, ಅವಾಬ್ ಕಾನೂನು. ಅಕ್ಟೋಬರ್ 2025ರಿಂದ ಇಂಗ್ಲೆಂಡಿನ ಸಾಮಾಜಿಕ ವಸತಿ ಮನೆಗಳಲ್ಲಿ ಗಂಭೀರ ತೇವ, ಬೂಷ್ಟಿನ ದೂರು ಬಂದರೆ 10 ಕೆಲಸದ ದಿನಗಳೊಳಗೆ ತನಿಖೆ ಆಗಬೇಕು. ತುರ್ತು ಅಪಾಯವಾದರೆ 24 ಗಂಟೆ.

ಭಾಗ 7/8: "ಮೊದಲು ಹೊರಗೆ ಹೋಗೋಣ"

ಈಗ ಅಜ್ಜಿ ಮನೆ. ತಪಾಸಣೆಯವರು ಕೋಣೆಗೆ ಬಂದು ಐದು ನಿಮಿಷ ಸುಮ್ಮನೆ ನಿಂತರು. ಮೂಸಿದರು. ಆ ಮುಗ್ಗಲು ವಾಸನೆ ಎಲ್ಲಿ ಜೋರು ಅಂತ ನೋಡಿದರು. ಮೀಟರ್‌ನ ಎರಡು ಮುಳ್ಳು ಗೋಡೆಗೆ ಚುಚ್ಚಿದರು. ಒದ್ದೆ ಗೋಡೆಯಲ್ಲಿ ಮುಳ್ಳುಗಳ ನಡುವೆ ಕರೆಂಟ್ ಸುಲಭವಾಗಿ ಹರಿಯುತ್ತೆ, ಅದನ್ನೇ ಅದು ಅಳೆಯೋದು. "ಹಳೇ ಗೋಡೆಯಲ್ಲಿ ಉಪ್ಪು ಇದ್ರೂ ಮೀಟರ್ ಜಾಸ್ತಿ ತೋರಿಸುತ್ತೆ. ಒಂದು ಸಂಖ್ಯೆ ನಂಬಬೇಡಿ, ಮೇಲೆ ಕೆಳಗೆ ಹೋಲಿಸಿ" ಅಂದರು. ನೆಲದ ಹತ್ತಿರ ಜಾಸ್ತಿ, ಮೇಲೆ ಹೋದ ಹಾಗೆ ಕಡಿಮೆ. ಹಂಚು ಸೋರ್ತಿದ್ದರೆ ತಿರುಗಾಮುರುಗಾ ಇರಬೇಕಿತ್ತು.

ನಾನು ಕೇಳಿದೆ: "ಸರ್, ಗಾಳಿ ಟೆಸ್ಟ್ ಮಾಡಲ್ವಾ?" ಅವರು ನಕ್ಕರು. "ಕಣ್ಣಿಗೆ ಕಾಣ್ತಿದೆಯಲ್ಲಮ್ಮ. ಯಾವ ಬೂಷ್ಟು ಅಂತ ಗೊತ್ತಾದ್ರೂ ಮಾಡೋ ಕೆಲಸ ಅದೇ." (ಆಮೇಲೆ ನೋಡಿದೆ. ಬೂಷ್ಟು ಕಣ್ಣಿಗೆ ಕಾಣ್ತಿದ್ದರೆ ಸಾಮಾನ್ಯವಾಗಿ ಸ್ಯಾಂಪಲ್ ಬೇಕಿಲ್ಲ ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಹೇಳುತ್ತೆ.)

"ಮೊದಲು ಹೊರಗೆ ಹೋಗೋಣ" ಅಂದು ಅಂಗಳಕ್ಕೆ ನಡೆದರು. ಗೋಡೆಯ ಬುಡ ನೋಡಿ, ಜಗಲಿ ಮೇಲೆ ಕೂತಿದ್ದ ಅಜ್ಜಿಯನ್ನ ಕೇಳಿದರು: "ಅಜ್ಜೀ, ಇದು ಯಾವ ವರ್ಷದಿಂದ ಶುರುವಾಯ್ತು?"

ಅಜ್ಜಿ ಒಂದೇ ಉಸಿರಿಗೆ ಹೇಳಿದರು: "ಅಂಗಳಕ್ಕೆ ಸಿಮೆಂಟ್ ಹಾಕಿಸಿದ್ರಲ್ಲ, ಆ ವರ್ಷದಿಂದ. ಮುಂಚೆ ಜಗಲಿಗೆ ಮೂರು ಮೆಟ್ಟಿಲು ಇತ್ತು. ಈಗ ಎಣಿಸಿ ನೋಡಿ."

ಎಣಿಸಿದ್ವಿ. ಎರಡು. ಅಂಗಳ ಒಂದು ಮೆಟ್ಟಿಲಿನಷ್ಟು ಏರಿತ್ತು. ಮಳೆನೀರು ಇಂಗೋಕೆ ಜಾಗವಿಲ್ಲದೆ ಗೋಡೆ ಬುಡದಲ್ಲೇ ನಿಲ್ತಿತ್ತು. ಒಳಗೆ ಸುಣ್ಣದ ಗೋಡೆಗೆ ನಾವು ಪ್ಲಾಸ್ಟಿಕ್ ಪೇಂಟ್ ಬಳಿದಿದ್ವಿ, ಹಾಗಾಗಿ ಹತ್ತಿದ ನೀರಿಗೆ ಆರಿಹೋಗೋಕೂ ದಾರಿ ಇರಲಿಲ್ಲ.

"ಅಜ್ಜಿ, ಇದನ್ನ ಮೊದಲೇ ಹೇಳಬಾರದಿತ್ತಾ?" ಅಂದೆ.

"ಹೇಳಿದ್ನಲ್ಲೇ. ಯಾರು ಕೇಳಿದ್ರಿ?"

ಭಾಗ 8/8: ಈ ವರ್ಷದ ಫೋಟೋ

ಬೇಸಿಗೆಯಲ್ಲಿ ಗೋಡೆಗುಂಟ ಎರಡು ಅಡಿ ಸಿಮೆಂಟ್ ಒಡೆಸಿ ಚರಂಡಿ ಮಾಡಿಸಿದ್ವಿ. ಪೇಂಟ್ ಕೆರೆದು, ಗೋಡೆ ತಿಂಗಳುಗಟ್ಟಲೆ ಒಣಗೋಕೆ ಬಿಟ್ಟು, ಸುಣ್ಣದ ಗಾರೆ ಮೆತ್ತಿ ಸುಣ್ಣ ಬಳಿಸಿದ್ವಿ. ಸುಣ್ಣದ ಕ್ಷಾರ ಬೂಷ್ಟಿಗೆ ಒಗ್ಗಲ್ಲ, ಗೋಡೆಯ ತೇವಕ್ಕೂ ಹೊರಹೋಗೋಕೆ ಬಿಡುತ್ತೆ. ಮಳೆಗೆ ಮೊದಲು, ಅಜ್ಜಿ ಹೇಳಿದ ಹಾಗೆ, ಉತ್ತರದ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದ್ವಿ. ಮಲೆನಾಡಿನವರು ಮೊದಲು ಪ್ರತಿ ವರ್ಷ ಮಾಡ್ತಿದ್ದದ್ದೇ. ನಾವು "ಚೆನ್ನಾಗಿ ಕಾಣಲ್ಲ" ಅಂತ ಬಿಟ್ಟಿದ್ವಿ.

ಕೊನೆಯ ಫೋಟೋ ಈ ವರ್ಷದ ಜುಲೈನದ್ದು. ಮೂಲೆಯಲ್ಲಿ ಅಂಗೈಯಗಲ ಮಚ್ಚೆ ಇನ್ನೂ ಇದೆ, ಸುಳ್ಳು ಹೇಳಲ್ಲ. ತಂಗಿ ಸದ್ಯಕ್ಕೆ ಪಡಸಾಲೆಯಲ್ಲೇ ಮಲಗ್ತಾಳೆ. ಮನೆ ಕೆಡವೋ ಮಾತು ನಿಂತಿಲ್ಲ, ಮುಂದಕ್ಕೆ ಹೋಗಿದೆ. "ಇನ್ನೊಂದು ಮಳೆಗಾಲ ನೋಡೋಣ" ಅಂದಿದ್ದಾರೆ ಚಿಕ್ಕಪ್ಪ. ನೋಡು, ಕಾಯಿ, ಮತ್ತೆ ನೋಡು. ಅಂದ್ರೆ ಸ್ಕ್ರೀನ್‌ಶಾಟ್ ಓದಿದ್ದಾರೆ!

ಸೇವ್ ಮಾಡ್ಕೊಳ್ಳಿ: ಬೂಷ್ಟಿನ ಮೇಲೆ ಪೇಂಟ್ ಹೊಡೀಬೇಡಿ. ನೀರು ಎಲ್ಲಿಂದ ಬರ್ತಿದೆ ಅಂತ ಮೊದಲು ಹುಡುಕಿ. ಒದ್ದೆಯಾದದ್ದನ್ನ ಒಂದೆರಡು ದಿನದೊಳಗೆ ಒಣಗಿಸಿ. ಸುಮಾರು ಮೂರಡಿ ಉದ್ದ ಮೂರಡಿ ಅಗಲಕ್ಕಿಂತ ದೊಡ್ಡದಿದ್ದರೆ, ಮನೆಯಲ್ಲಿ ಯಾರಿಗಾದರೂ ಅಸ್ತಮಾ ಇದ್ದರೆ, ಗೊತ್ತಿರೋರನ್ನ ಕರೆಸಿ. ನೋಡೋರು ಬೇರೆ, ರಿಪೇರಿ ಮಾಡೋರು ಬೇರೆ ಇರಲಿ.

ಪಿಜಿ, ಹಾಸ್ಟೆಲ್, ಬಾಡಿಗೆ ರೂಮ್‌ನಲ್ಲಿ ಇರೋರು ತಾರೀಖು ಸಮೇತ ಫೋಟೋ ತೆಗೆದಿಟ್ಟುಕೊಳ್ಳಿ. ಹಳೇ ಮನೆ ಇರೋರು ಇವತ್ತು ರಾತ್ರಿ ಫೋನ್ ಮಾಡಿ ಅಜ್ಜ ಅಜ್ಜಿನ ಕೇಳಿ, "ಯಾವ ವರ್ಷದಿಂದ?" ಅಂತ. ಸಿಕ್ಕ ಉತ್ತರ ಕಮೆಂಟಲ್ಲಿ ಬರೀರಿ, ಎಲ್ಲಾ ಓದ್ತೀನಿ.

#ಬೂಷ್ಟು #ಹಳೇಮನೆ #ಮಲೆನಾಡು #ಇತಿಹಾಸ #ಕನ್ನಡ