ಭಂಗಿಯ ಸೊಪ್ಪು: ಮದ್ದೋ, ಮೊಕದ್ದಮೆಯೋ?

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಒಮ್ಮೆ ಗಣಿಯಲ್ಲಿ ದುಡಿದ ಮುದುಕರೊಬ್ಬರು ನನ್ನ ಎದುರಿಗೆ ಕುಳಿತಿದ್ದರು. ಎರಡು ಮಾತಿಗೊಮ್ಮೆ ಕೆಮ್ಮು. “ಮೇಷ್ಟ್ರೇ, ನೋವು ತಡೆಯೋಕಾಗ್ದೆ ಒಂದು ಚಿಟಿಕೆ ಗಾಂಜಾ ಇಟ್ಕೊಂಡ್ರೆ ಜೈಲಿಗೆ ಹಾಕ್ತಾರಾ?” ಎಂದು ಕೇಳಿದರು. ಕನ್ನಡ ಪಾಠ ಹೇಳುವವನಿಗೆ ಕಾನೂನಿನ ಜ್ಞಾನ ಎಲ್ಲಿಂದ ಬರಬೇಕು? ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹಳೆಯ ಪುಸ್ತಕಗಳನ್ನು ತಿರುವಿಹಾಕಿಸಿತು.

ಆ ಕೆಮ್ಮಿಗೇ ಒಂದು ಚರಿತ್ರೆಯುಂಟು. ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಕೊರೆಯುವಾಗ ಏಳುವ ನಯವಾದ ಧೂಳು ಕೂಲಿಯವರ ಶ್ವಾಸಕೋಶಗಳಲ್ಲಿ ನೆಲೆನಿಂತಿತು. 1940-46ರ ಅವಧಿಯಲ್ಲಿ ಇಲ್ಲಿ 7,653 ಮಂದಿಯನ್ನು ಪರೀಕ್ಷಿಸಿದಾಗ ಶೇಕಡಾ 43.7 ಮಂದಿಗೆ ಸಿಲಿಕೋಸಿಸ್ ರೋಗವಿದ್ದುದು ಕಂಡುಬಂದಿತು. 2001ರಲ್ಲಿ ಗಣಿ ಮುಚ್ಚಿತು, ರೋಗ ಮುಚ್ಚಲಿಲ್ಲ. ಅದನ್ನು ವಾಸಿಮಾಡುವ ಮದ್ದಿಲ್ಲ. ಮಾಡಬಹುದಾದದ್ದು ಶಮನ ಮಾತ್ರ.

ಇನ್ನು ಸೊಪ್ಪಿನ ಕಥೆ. ನಮ್ಮ ಆಯುರ್ವೇದದವರು ‘ವಿಜಯಾ’ ಎಂದು ಕರೆದದ್ದು ಈ ಭಂಗಿಯನ್ನೇ. ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿದ್ದ ಓಷಾನೆಸಿ ಎಂಬ ಡಾಕ್ಟರು ಸಂಧಿವಾತ, ಧನುರ್ವಾಯು ಮೊದಲಾದ ರೋಗಗಳಲ್ಲಿ ಇದನ್ನು ಪ್ರಯೋಗಿಸಿ 1839ರಲ್ಲಿ ಬರೆದರು. ಮುಂದೆ ಇಂಡಿಯಾದಲ್ಲಿ ತಂತಿ ಹಾಕಿಸಿದವರೂ ಅವರೇ. ಆಮೇಲೆ ಸೊಪ್ಪು ವಿಲಾಯಿತಿಯ ಔಷಧದಂಗಡಿಗಳನ್ನೂ ಸೇರಿತು. ಪಾರ್ಲಿಮೆಂಟಿನಲ್ಲಿ ಆಕ್ಷೇಪ ಎದ್ದಾಗ, 1893ರಲ್ಲಿ ಸರ್ಕಾರ ಒಂದು ಕಮಿಷನ್ ನೇಮಿಸಿತು. ಅದು ಸಾವಿರಕ್ಕೂ ಮಿಕ್ಕ ಸಾಕ್ಷಿಗಳನ್ನು ವಿಚಾರಿಸಿ, ಏಳು ಸಂಪುಟಗಳ ವರದಿ ಕೊಟ್ಟಿತು: ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ; ಪೂರ್ತಿ ನಿಷೇಧ ಬೇಡ; ತೆರಿಗೆ, ಲೈಸೆನ್ಸುಗಳಿಂದ ಹತೋಟಿಯಲ್ಲಿಟ್ಟರೆ ಸಾಕು. ಚಿನ್ನದ ಗಣಿಗೆ ಈ ರೈಲು ಬಂದದ್ದೂ ಆ ಕಾಲದಲ್ಲೇ, 1894ರಲ್ಲಿ.

ಹತೋಟಿ ಹೋಗಿ ದೇಶಕ್ಕೆಲ್ಲ ಒಂದೇ ಕಟ್ಟುನಿಟ್ಟು ಬಂದದ್ದು 1985ರ ಮಾದಕ ವಸ್ತುಗಳ ಕಾಯಿದೆಯಿಂದ. ಅದರ ಪ್ರಕಾರ ಗಾಂಜಾ ಎಂದರೆ ಗಿಡದ ಹೂವಿನ ತುದಿ. ಅದಿಲ್ಲದ ಬರಿಯ ಎಲೆ, ಬೀಜ ಅದಲ್ಲ. ಒಂದು ಕಿಲೋದವರೆಗೆ ಸಿಕ್ಕಿದರೆ ಒಂದು ವರ್ಷದ ತನಕ ಕಠಿಣ ಸಜೆ, ಇಲ್ಲವೆ 10,000 ರೂಪಾಯಿಗಳ ತನಕ ದಂಡ, ಇಲ್ಲವೆ ಎರಡೂ. 20 ಕಿಲೋ ಮೀರಿದರೆ ಹತ್ತು ವರ್ಷಕ್ಕೆ ಕಡಮೆಯಿಲ್ಲ. 2022ರಲ್ಲಿ ಬೆಂಗಳೂರಿನ ಮೊಕದ್ದಮೆಯೊಂದರಲ್ಲಿ ನಮ್ಮ ಹೈಕೋರ್ಟು, ಭಂಗಿಯನ್ನು ಗಾಂಜಾದಿಂದಲೋ ಚರಸ್ಸಿನಿಂದಲೋ ಮಾಡಿದ್ದೆಂಬುದಕ್ಕೆ ಆಧಾರವಿಲ್ಲವೆಂದು ಆರೋಪಿಗೆ ಜಾಮೀನು ಕೊಟ್ಟಿತು.

ಕಾಯಿದೆಯಲ್ಲಿ ವೈದ್ಯಕೀಯ ಉಪಯೋಗಕ್ಕೆ ವಿನಾಯಿತಿಯುಂಟು, ನಿಜ. ಆದರೆ ಅದು ಲೈಸೆನ್ಸು ಪಡೆದು ಔಷಧ ತಯಾರಿಸುವವರಿಗೆ. ರೋಗಿಯ ಜೇಬಿನ ಪೊಟ್ಟಣಕ್ಕಲ್ಲ. ಹೊಟ್ಟೆಪಾಡಿಗೆ ಮಾರುವವನೂ ನೋವಿಗೆ ಇಟ್ಟುಕೊಂಡವನೂ ಒಂದೇ ಕಟಕಟೆಯಲ್ಲಿ ನಿಲ್ಲಬೇಕಾಗುವುದು ಇಲ್ಲಿಯೇ.

ಮತ್ತೊಮ್ಮೆ ಅದೇ ರೈಲಿನಲ್ಲಿ ಯಜಮಾನರು ಸಿಕ್ಕಿದರು. ಹೊಗೆ ನಿಮ್ಮ ಎದೆಗೆ ವಿಷ, ಸೊಪ್ಪು ಸೇರಿದ ಔಷಧವಾದರೂ ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ, ಪೊಟ್ಟಣ ಇಟ್ಟುಕೊಂಡರೆ ಕೇಸು ಖಂಡಿತ ಎಂದು ತಿಳಿಸಿದೆ. ಅವರು ತಲೆದೂಗಿದರು. ಕಿಟಕಿಯಾಚೆ ಸೈನೈಡ್ ದಿಬ್ಬಗಳು ಕಾಣಿಸಿಕೊಂಡವು. ಆ ಕಡೆ ಕೈ ತೋರಿಸಿ, “ನಮಗೆ ಇಷ್ಟು ವರ್ಷ ಧೂಳು ಕುಡಿಸಿದ್ದಕ್ಕೆ ಯಾವ ಸೆಕ್ಷನ್ನು, ಮೇಷ್ಟ್ರೇ?” ಎಂದರು.

ಆ ಪ್ರಶ್ನೆಗೆ ಉತ್ತರ ನನಗೆ ಯಾವ ಪುಸ್ತಕದಲ್ಲಿಯೂ ಸಿಕ್ಕಿಲ್ಲ.