ಕಡಲ ತಡಿಯ ದಾರಿ: ಪಲ್ಲಕ್ಕಿಯಿಂದ ವಿದ್ಯುತ್ ಸೈಕಲ್ಲಿನವರೆಗೆ

ದಾರಿಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ದೊರೆಗಳನ್ನೂ ದಂಡಯಾತ್ರೆಗಳನ್ನೂ ನೆನೆಯುತ್ತಾರೆ. ದಾರಿಹೋಕನನ್ನು ಹೊತ್ತವರಾರು, ಅವನಿಗೆ ನೀರೆರೆದವರಾರು, ಹೊಳೆ ದಾಟಿಸಿದವರಾರು ಎಂಬ ಪ್ರಶ್ನೆಗಳು ಹಿಂದೆ ಉಳಿದುಬಿಡುತ್ತವೆ. ಈಚೆಗೆ ನಾನಾ ದೇಶಗಳ ಕಡಲ ತಡಿಗಳಲ್ಲಿ, ಮಾರ್ಗದರ್ಶಿಯೊಬ್ಬನ ಹಿಂದೆ ವಿದ್ಯುತ್ ಸೈಕಲ್ಲುಗಳ ಮೇಲೆ ಸಾಲಾಗಿ ಸಾಗುವ ವಿಹಾರ ರೂಢಿಗೆ ಬಂದಿದೆ. ಈ ಹೊಸ ಬಗೆಯ ಸಂಚಾರವನ್ನು ಅರಿಯಲು ನಮ್ಮ ಕನ್ನಡ ಕರಾವಳಿಯ ಹಳೆಯ ಸಂಚಾರಗಳನ್ನು ಆ ಪ್ರಶ್ನೆಗಳೊಡನೆ ನೋಡುವುದು ಉಚಿತ.

ತುಂಗಭದ್ರೆಯ ದಂಡೆಯ ಗೋವಿನಕೋವಿ, ಹೊನ್ನಾಳಿಗಳ ಕಡೆಯವರಾದ ನಮಗೆ ಹೊಳೆ ಒಂದೇ. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ, ಮುಂದೆ ಕೃಷ್ಣೆಯನ್ನು ಸೇರಿ, ಬಂಗಾಳಕೊಲ್ಲಿಯವರೆಗೆ ಹರಿಯುತ್ತವೆ. ಘಟ್ಟದ ಕೆಳಗಣ ನದಿಗಳಿಗೆ ಅಷ್ಟು ದೂರದ ಪಯಣವಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಇವು ಒಂದೊಂದೂ ತನ್ನ ತನ್ನ ಅಳಿವೆಯಲ್ಲಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತವೆ. ಆದುದರಿಂದ ತಡಿಗುಂಟ ಹೋಗುವವನು ಸೇತುವೆಗಳಿಲ್ಲದ ಕಾಲದಲ್ಲಿ ಹೆಜ್ಜೆಹೆಜ್ಜೆಗೂ ಕಡವಿನಲ್ಲಿ ನಿಂತು ದೋಣಿಯವನನ್ನು ಕೂಗಬೇಕಾಗಿತ್ತು.

ಮೊರಾಕೊ ದೇಶದ ಇಬ್ನ್ ಬತೂತನು 1342ರ ಸುಮಾರಿಗೆ ಈ ತೀರಕ್ಕೆ ಬಂದನು. ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಗೋವೆಯಿಂದ ಕೊಲ್ಲಂವರೆಗಿನ ತೀರದ ದಾರಿಯನ್ನು ಕುರಿತು ಅವನು ಹೇಳುವ ಮಾತು ಇನ್ನೂ ಸ್ವಾರಸ್ಯವಾದುದು. ದಾರಿಯುದ್ದಕ್ಕೂ ಮರಗಳ ನೆರಳು. ಅರ್ಧರ್ಧ ಮೈಲಿಗೆ ಒಂದು ಮರದ ಮನೆ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ಹಿಂದೂ ದಾರಿಹೋಕನಿಗೆ ಪಾತ್ರೆಯಲ್ಲಿ ಕೊಟ್ಟ ನೀರನ್ನು ಮುಸಲ್ಮಾನನಿಗೆ ಬೊಗಸೆಗೆ ಸುರಿಯುತ್ತಿದ್ದರಂತೆ. ಭೇದವಿತ್ತು, ಆದರೂ ಬಾಯಾರಿ ಬಂದವನು ಬರಿದೆ ಹಿಂದಿರುಗುತ್ತಿರಲಿಲ್ಲ. ಕುದುರೆ ಅರಸನಿಗೆ ಮಾತ್ರ. ಉಳ್ಳವರು ಆಳುಗಳ ಹೆಗಲ ಮೇಲೆ ಪಲ್ಲಕ್ಕಿಯಲ್ಲಿ ಹೋಗುತ್ತಿದ್ದರು, ಮಿಕ್ಕವರು ಕಾಲ್ನಡಿಗೆಯಲ್ಲಿ. ವರ್ತಕರ ಸರಕೂ ಕೂಲಿಯವರ ಬೆನ್ನೇರಿಯೇ ಸಾಗುತ್ತಿತ್ತು. ಒಬ್ಬನ ಸುಖಪ್ರಯಾಣವೆಂದರೆ ಇನ್ನೊಬ್ಬನ ಬೆವರು ಎಂಬುದು ಆ ದಾರಿಯ ನಿಯಮ.

1623ರಲ್ಲಿ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ, ಘಟ್ಟ ಹತ್ತಿ ಇಕ್ಕೇರಿಯನ್ನು ಸೇರಿದನು. ಘಟ್ಟದ ಮೇಲೆ ಗುಡಿಯೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಲೆಕ್ಕ ಒಪ್ಪಿಸುತ್ತಿದ್ದರು. ತಪ್ಪಿದರೆ ತಿದ್ದುವವರಾರು ಎಂದು ಅವನು ಕೇಳಿದನು. ನಾಲ್ವರೂ ಒಂದೇ ಕಡೆ ಒಟ್ಟಿಗೆ ತಪ್ಪಲಾರೆವು, ಒಬ್ಬ ಮರೆತರೆ ಮಿಕ್ಕವರು ತಿದ್ದುತ್ತೇವೆ ಎಂಬುದು ಅವರ ಉತ್ತರ! ನಿಂತು ಕೇಳುವ ವ್ಯವಧಾನವಿದ್ದುದರಿಂದಲೇ ನಮ್ಮ ನಾಡಿನ ವಿದ್ಯಾಭ್ಯಾಸದ ಈ ಚಿತ್ರ ಉಳಿಯಿತು. 1801ರಲ್ಲಿ ಮಂಗಳೂರಿನಿಂದ ತಡಿಗುಂಟ ಬಡಗಲಿಗೆ ನಡೆದ ಫ್ರಾನ್ಸಿಸ್ ಬುಕಾನನ್ ರೈತರನ್ನು ಬೆಳೆ, ಕಂದಾಯಗಳ ವಿಚಾರ ಕೇಳುತ್ತ ಹೋದನು. ಆಮೇಲೆ ಘಟ್ಟ ಹತ್ತಿ, ನಮ್ಮ ಹರಿಹರ, ದಾವಣಗೆರೆಗಳನ್ನೂ ಹಾದು, ದಾವಣಗೆರೆಯ ಕಂಬಳಿ ವ್ಯಾಪಾರವನ್ನು ಬರೆದಿಟ್ಟನು. 1883ರಲ್ಲಿ ಕಾರವಾರದ ಅಣ್ಣನ ಮನೆಗೆ ಬಂದಿದ್ದ ರವೀಂದ್ರನಾಥ ಠಾಕೂರರು ಬೆಳದಿಂಗಳಲ್ಲಿ ದೋಣಿಯೇರಿ ಕಾಳಿ ನದಿಯಲ್ಲಿ ವಿಹರಿಸಿ, ಅಳಿವೆಯಲ್ಲಿಳಿದು ಮರಳ ಮೇಲೆ ನಡೆದೇ ಮನೆಗೆ ಮರಳಿದರು.

ಈ ಪರಂಪರೆಗೆ ಸೈಕಲ್ಲು ಸೇರಿದುದು ಈಚೆಗೆ. ಅದಕ್ಕೆ ವಿದ್ಯುತ್ತನ್ನು ಹೂಡುವ ಯೋಚನೆ ಮಾತ್ರ ತೀರ ಹೊಸದಲ್ಲ. ಅಮೆರಿಕದ ಆಗ್ಡೆನ್ ಬೋಲ್ಟನ್ ಎಂಬಾತ 1895ರಲ್ಲಿಯೇ ಅದಕ್ಕೆ ಹಕ್ಕುಪತ್ರ ಪಡೆದಿದ್ದನು. ಹಗುರವಾದ ಲಿಥಿಯಂ ಬ್ಯಾಟರಿ ಬಂದ ಮೇಲೆ ಅದು ಬಳಕೆಗೆ ಒದಗಿತು. ಸವಾರ ಪೆಡಲು ತುಳಿದಂತೆ ಮೋಟಾರು ಅವನ ಬಲಕ್ಕೆ ಬಲ ಕೂಡಿಸುತ್ತದೆ. ಏರಿನಲ್ಲಿ, ಎದುರುಗಾಳಿಯಲ್ಲಿ, ವಯಸ್ಸಾದವರೂ ಸಾಗಬಹುದು. ನಮ್ಮ ದೇಶದಲ್ಲಿ 250 ವಾಟ್‌ಗೂ ಗಂಟೆಗೆ 25 ಕಿಲೋಮೀಟರಿಗೂ ಒಳಪಟ್ಟ ಇಂಥ ಗಾಡಿಗೆ ನೋಂದಣಿ ಬೇಡ. ಪಲ್ಲಕ್ಕಿಯ ಸುಖವನ್ನು ಯಾರ ಹೆಗಲನ್ನೂ ನೋಯಿಸದೆ ಕೊಡುವ ವಾಹನವಿದು ಎಂಬುದೇ ಇದರ ದೊಡ್ಡ ಗುಣ.

ಆದರೆ ಗಾಡಿಯೊಂದರಿಂದಲೇ ಸಂಚಾರ ಸಾರ್ಥಕವಾಗದು. ಸೇತುವೆಗಳು ಬಂದು ಕಡವಿನ ದೋಣಿಗಳು ಬಹುಮಟ್ಟಿಗೆ ನಿಂತವು. ಭರತ ಇಳಿತಗಳನ್ನೂ ಅಳಿವೆಯ ಮರಳು ಸರಿಯುವ ಬಗೆಯನ್ನೂ ಬಲ್ಲ ಅಂಬಿಗರ ತಿಳಿವಳಿಕೆಯನ್ನು ಕೇಳುವವರು ಕಡಿಮೆಯಾದರು. ಸೇತುವೆಗಳೂ ಶಾಶ್ವತವಲ್ಲ, ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿಯಿತು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಇರುವ ಮರವಂತೆಯ ಹೆದ್ದಾರಿಯಲ್ಲಿ ಮೋಟಾರಿನಲ್ಲಿ ಹಾಯುವವನಿಗೆ ಆ ಸೊಬಗು ಕೆಲವೇ ನಿಮಿಷಗಳದು.

ಆದುದರಿಂದ ನಮ್ಮ ಕರಾವಳಿಯಲ್ಲಿ ಇಂಥ ವಿಹಾರವನ್ನು ಏರ್ಪಡಿಸುವವರು ಮೊದಲು ನೆರಳನ್ನೂ ನೀರನ್ನೂ ಕೂರುವ ಜಗಲಿಯನ್ನೂ ಒದಗಿಸಲಿ. ದಾರಿ ತೋರಲು ಆ ತೀರದ ಅಂಬಿಗರ, ಮೀನುಗಾರರ ಮಕ್ಕಳನ್ನೇ ನೇಮಿಸಲಿ. ಈ ಮಾತು ನಮ್ಮ ತುಂಗಭದ್ರೆಯ ದಂಡೆಗೂ ಸಲ್ಲುತ್ತದೆ. ಹರಿಗೋಲು ಹಾಕಿದವರ ನೆನಪು ಮಾಸುವ ಮುನ್ನ, ಯಾವ ಮಡು ಆಳ, ಯಾವ ಕಡೆ ಸುಳಿ ಎಂಬುದನ್ನು ನಮ್ಮ ಮಕ್ಕಳು ಅವರ ಬಾಯಿಂದಲೇ ಕೇಳಿ ಬರೆದಿಡಲಿ. ನಾಳೆ ಬರುವ ದಾರಿಹೋಕನಿಗೆ ಹೇಳಲು ನಮ್ಮಲ್ಲಿ ಏನಾದರೂ ಉಳಿದಿರಬೇಕಷ್ಟೆ.