ಇಂಗ್ಲಿಷ್ ನಾಮಪದಗಳ ಬಹುವಚನ

ಇಂಗ್ಲಿಷ್ ಭಾಷೆಯಲ್ಲಿ ಒಂದಕ್ಕಿಂತ ಹೆಚ್ಚು ವ್ಯಕ್ತಿ, ಪ್ರಾಣಿ ಅಥವಾ ವಸ್ತುಗಳನ್ನು ಸೂಚಿಸುವ ನಾಮಪದದ ರೂಪವನ್ನು ಬಹುವಚನ ಎನ್ನಲಾಗುತ್ತದೆ. ಆಧುನಿಕ ಇಂಗ್ಲಿಷಿನಲ್ಲಿ ಏಕವಚನ ಮತ್ತು ಬಹುವಚನ ಎಂಬ ಎರಡೇ ವಚನಗಳಿವೆ. ಸಂಸ್ಕೃತದಲ್ಲಿರುವ ದ್ವಿವಚನ ಇದರಲ್ಲಿಲ್ಲ. ಬಹುಪಾಲು ನಾಮಪದಗಳು ಕೊನೆಯಲ್ಲಿ 'ಎಸ್' ಅಥವಾ 'ಇಎಸ್' ಸೇರಿ ಬಹುವಚನವಾಗುತ್ತವೆ. ಈ ನಿಯಮಕ್ಕೆ ಒಳಪಡದ ಪದಗಳು ಕಡಿಮೆಯಾದರೂ ಅವುಗಳಲ್ಲಿ ಹಲವು ದಿನಬಳಕೆಯವು.

ಉಚ್ಚಾರಣೆ

ಬಹುವಚನ ಪ್ರತ್ಯಯಕ್ಕೆ ಮೂರು ಉಚ್ಚಾರಣೆಗಳಿವೆ. ಇವುಗಳಲ್ಲಿ ಯಾವುದು ಬರುತ್ತದೆ ಎಂಬುದನ್ನು ಪದದ ಕೊನೆಯ ಧ್ವನಿಯು ನಿರ್ಧರಿಸುತ್ತದೆ.

- ಕ, ಟ, ಪ ಮೊದಲಾದ ಅಘೋಷ ಧ್ವನಿಗಳ ನಂತರ 'ಸ್': ಕ್ಯಾಟ್ – ಕ್ಯಾಟ್ಸ್, ಬುಕ್ – ಬುಕ್ಸ್.
- ಸ್ವರಗಳು ಹಾಗೂ ಗ, ಡ, ನ ಮೊದಲಾದ ಘೋಷ ಧ್ವನಿಗಳ ನಂತರ 'ಜ಼್': ಡಾಗ್ – ಡಾಗ್ಜ಼್, ಪೆನ್ – ಪೆನ್ಜ಼್.
- ಸ, ಜ಼, ಶ, ಚ, ಜ ಧ್ವನಿಗಳ ನಂತರ 'ಇಜ಼್': ಬಸ್ – ಬಸಿಜ಼್, ಜಡ್ಜ್ – ಜಡ್ಜಿಜ಼್.

ಮಾತೃಭಾಷಿಕರು ಈ ನಿಯಮವನ್ನು ಬಾಲ್ಯದಲ್ಲೇ ತಿಳಿಯದಂತೆ ಕಲಿತಿರುತ್ತಾರೆ. ಅಮೆರಿಕದ ಜೀನ್ ಬರ್ಕೊ 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 'ವಗ್' ಎಂಬ ಕಲ್ಪಿತ ಜೀವಿಯ ಚಿತ್ರವನ್ನು ಚಿಕ್ಕ ಮಕ್ಕಳಿಗೆ ತೋರಿಸಿ, ಅಂಥವು ಎರಡಿದ್ದರೆ ಏನೆನ್ನಬೇಕೆಂದು ಕೇಳಲಾಯಿತು. ಹಿಂದೆಂದೂ ಕೇಳದ ಪದವಾದರೂ ಬಹುತೇಕ ಮಕ್ಕಳು 'ವಗ್ಜ಼್' ಎಂದರು. ಮಕ್ಕಳು ಪದಗಳನ್ನು ಕಂಠಪಾಠ ಮಾಡುವುದಷ್ಟೇ ಅಲ್ಲದೆ ನಿಯಮಗಳನ್ನೂ ಗ್ರಹಿಸುತ್ತಾರೆ ಎಂಬುದಕ್ಕೆ ಇದು ಪ್ರಸಿದ್ಧ ನಿದರ್ಶನ.

ಕಾಗುಣಿತ

'ಇಜ಼್' ಉಚ್ಚಾರಣೆಯ ಪದಗಳು ಮೊದಲೇ 'ಇ' ಅಕ್ಷರದಿಂದ ಕೊನೆಗೊಳ್ಳದಿದ್ದರೆ 'ಇಎಸ್' ಪಡೆಯುತ್ತವೆ. 'ಚರ್ಚ್' ಪದಕ್ಕೆ 'ಇಎಸ್' ಸೇರುತ್ತದೆ. 'ಸ್ಟಮಕ್' ಪದವೂ ಬರಹದಲ್ಲಿ 'ಸಿಎಚ್' ಅಕ್ಷರಗಳಿಂದಲೇ ಮುಗಿಯುತ್ತದೆ. ಆದರೆ ಅಲ್ಲಿನ ಧ್ವನಿ 'ಕ್' ಆದ್ದರಿಂದ ಬರಿಯ 'ಎಸ್' ಸಾಕು. ವ್ಯಂಜನದ ನಂತರ 'ವೈ' ಇದ್ದರೆ ಅದು 'ಐಇಎಸ್' ಆಗುತ್ತದೆ (ಸಿಟಿ – ಸಿಟೀಜ಼್). ಸ್ವರಾಕ್ಷರದ ನಂತರ ಇದ್ದರೆ ಬದಲಾಗದು (ಬಾಯ್ – ಬಾಯ್ಜ಼್). 'ಲೀಫ್', 'ನೈಫ್' ಮುಂತಾದವು 'ಲೀವ್ಜ಼್', 'ನೈವ್ಜ಼್' ಆಗುತ್ತವೆ. 'ರೂಫ್', 'ಚೀಫ್' ಪದಗಳಿಗೆ 'ಎಸ್' ಮಾತ್ರ ಸೇರುತ್ತದೆ. 'ಓ' ಅಕ್ಷರದಿಂದ ಮುಗಿಯುವ 'ಪೊಟೇಟೊ', 'ಹೀರೊ' ಪದಗಳು 'ಇಎಸ್' ಪಡೆದರೆ, 'ಫೋಟೊ', 'ಪಿಯಾನೊ' ಪದಗಳು 'ಎಸ್' ಪಡೆಯುತ್ತವೆ.

ಅನಿಯಮಿತ ರೂಪಗಳು

ಇವುಗಳಲ್ಲಿ ಹೆಚ್ಚಿನವು ಹಳೆಯ ವ್ಯಾಕರಣದ ಉಳಿಕೆಗಳು. ಹಳೆಯ ಇಂಗ್ಲಿಷಿನಲ್ಲಿ ನಾಮಪದದ ಲಿಂಗ ಮತ್ತು ವರ್ಗಕ್ಕೆ ಅನುಗುಣವಾಗಿ ಹಲವು ಬಹುವಚನ ಪ್ರತ್ಯಯಗಳಿದ್ದವು. ಪುಲ್ಲಿಂಗದ ಒಂದು ವರ್ಗಕ್ಕೆ ಸೇರಿದ್ದ 'ಅಸ್' ಪ್ರತ್ಯಯವು ಕ್ರಮೇಣ ಉಳಿದವುಗಳನ್ನು ಹಿಂದಿಕ್ಕಿ ಇಂದಿನ 'ಎಸ್' ಆಯಿತು.

- ಸ್ವರ ಬದಲಾವಣೆ: ಫುಟ್ – ಫೀಟ್, ಟೂತ್ – ಟೀತ್, ಮ್ಯಾನ್ – ಮೆನ್, ಮೌಸ್ – ಮೈಸ್. ಪ್ರಾಚೀನ ಪ್ರತ್ಯಯದಲ್ಲಿದ್ದ 'ಇ' ಧ್ವನಿಯು ಹಿಂದಿನ ಸ್ವರವನ್ನು ಬದಲಿಸಿತು. ಬಳಿಕ ಪ್ರತ್ಯಯ ಲೋಪವಾಗಿ ಬದಲಾದ ಸ್ವರ ಉಳಿಯಿತು.
- 'ಎನ್' ಪ್ರತ್ಯಯ: ಆಕ್ಸ್ – ಆಕ್ಸನ್. 'ಚಿಲ್ಡ್ರನ್' ಪದದಲ್ಲಿ ಎರಡು ಬಹುವಚನ ಪ್ರತ್ಯಯಗಳಿವೆ: ಮೊದಲೇ ಬಹುವಚನವಾಗಿದ್ದ 'ಚಿಲ್ಡರ್' ರೂಪಕ್ಕೆ ಮತ್ತೆ 'ಎನ್' ಸೇರಿತು.
- ಬದಲಾಗದ ರೂಪ: ಶೀಪ್, ಡಿಯರ್ (ಜಿಂಕೆ).
- ಎರವಲು ರೂಪ: ಲ್ಯಾಟಿನ್ ಮೂಲದ ಬ್ಯಾಕ್ಟೀರಿಯಮ್ – ಬ್ಯಾಕ್ಟೀರಿಯಾ, ಗ್ರೀಕ್ ಮೂಲದ ಕ್ರೈಸಿಸ್ – ಕ್ರೈಸೀಜ಼್.

ಏಕವಚನ ರೂಪವೇ ಹಿಮ್ಮುಖವಾಗಿ ಹುಟ್ಟಿದ ಉದಾಹರಣೆಯೂ ಇದೆ. ಬಟಾಣಿಗೆ ಮೂಲದಲ್ಲಿದ್ದ 'ಪೀಜ಼್' ಏಕವಚನವೇ ಆಗಿತ್ತು. ಕೊನೆಯ ಧ್ವನಿಯನ್ನು ಬಹುವಚನ ಪ್ರತ್ಯಯವೆಂದು ಭಾವಿಸಿದ ಜನರು 'ಪೀ' ಎಂಬ ಹೊಸ ಏಕವಚನವನ್ನು ರೂಢಿಗೆ ತಂದರು.

ಕನ್ನಡಿಗರು ಗಮನಿಸಬೇಕಾದ ಅಂಶಗಳು

ಕನ್ನಡದಲ್ಲಿ 'ಹತ್ತು ರೂಪಾಯಿ', 'ಐದು ಮನೆ' ಎಂಬಂತೆ ಸಂಖ್ಯೆಯ ನಂತರ ನಪುಂಸಕ ನಾಮಪದವು ಏಕವಚನದಲ್ಲೇ ಇರಬಹುದು. ಇಂಗ್ಲಿಷಿನಲ್ಲಿ ಅಂಥ ಕಡೆ ಬಹುವಚನ ಕಡ್ಡಾಯ. 'ಫರ್ನಿಚರ್', 'ಇನ್ಫರ್ಮೇಷನ್', 'ಲಗೇಜ್', 'ಅಡ್ವೈಸ್' ಎಣಿಸಲಾಗದ ನಾಮಪದಗಳಾದ್ದರಿಂದ ಅವುಗಳಿಗೆ 'ಎಸ್' ಸೇರಿಸುವುದಿಲ್ಲ. 'ಸಿಜ಼ರ್ಸ್' (ಕತ್ತರಿ) ವಸ್ತು ಒಂದೇ ಇದ್ದರೂ ಸಾಮಾನ್ಯವಾಗಿ ಬಹುವಚನದ ಕ್ರಿಯಾಪದವನ್ನು ಪಡೆಯುತ್ತದೆ. ಆಡುಮಾತಿನ 'ಫ್ರೆಂಡ್ಸ್‌ಗಳು' ಎಂಬ ಪದದಲ್ಲಿ ಇಂಗ್ಲಿಷ್ ಮತ್ತು ಕನ್ನಡದ ಬಹುವಚನ ಪ್ರತ್ಯಯಗಳು ಒಟ್ಟಿಗೆ ಬಂದಿವೆ.